ಅತ್ತಿಗೆಯ ಕೈ, ಡುಮ್ಮನ ನೊರೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆದರೆ ಅದನ್ನು ಅಲ್ಲಿ ತಂದು ಕೂರಿಸಿದ್ದು ಯಾರು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ನಮ್ಮ ಅತ್ತಿಗೆಯ ಕೈಗಳನ್ನು ಇಪ್ಪತ್ತೆರಡು ವರ್ಷ ದಿನಾ ನೋಡಿದವನಿಗೆ ಕೋಪ ಬಾರದೆ ಇನ್ನೇನು ಬರಬೇಕು?

ಅತ್ತಿಗೆ ಅಂದರೆ ನಮ್ಮಣ್ಣನ ಹೆಂಡತಿ. ಅಣ್ಣ ಬೇಕರಿಯಲ್ಲಿ ಬ್ರೆಡ್ಡು ಬೇಯಿಸುತ್ತಾನೆ, ಮನೆಗೆ ಬಂದು ಮಲಗುತ್ತಾನೆ, ಎದ್ದು ಮತ್ತೆ ಬೇಕರಿಗೆ ಹೋಗುತ್ತಾನೆ. ನಾನು ಲಿಫ್ಟ್ ರಿಪೇರಿಯವನು. ಮದುವೆಯಾಗದೆ ಅವರ ಮನೆಯ ಮೂಲೆ ಕೋಣೆಯಲ್ಲೇ ಉಳಿದುಬಿಟ್ಟೆ. ಅತ್ತಿಗೆಯ ಕೆಲಸ, ಮನೆಗಳಲ್ಲಿ ಇಟ್ಟಿರುವ ಸಮುದ್ರಮೀನಿನ ಟ್ಯಾಂಕುಗಳನ್ನು ನೋಡಿಕೊಳ್ಳುವುದು. ಬಕೆಟ್ಟು, ಟ್ಯೂಬು, ಬ್ರಷ್ಷು, ಉಪ್ಪಿನ ಡಬ್ಬ ಹೊತ್ತು ದಿನಕ್ಕೆ ನಾಲ್ಕು ಮನೆ. ಮೊಣಕೈವರೆಗೆ ಉಪ್ಪುನೀರಿನಲ್ಲಿ ಅದ್ದುವುದು, ತೆಗೆಯುವುದು, ಒರೆಸುವುದು, ಮತ್ತೆ ಅದ್ದುವುದು. ಹಾಗಾಗಿ ಅವರ ಬೆರಳ ಗಿಣ್ಣುಗಳೆಲ್ಲ ಸೀಳಿರುತ್ತವೆ. ನಿಂಬೆಹಣ್ಣು ಹಿಂಡುವ ಕೆಲಸ ಬಂದರೆ ಮಲಗಿರುವ ಅಣ್ಣನನ್ನೇ ಎಬ್ಬಿಸಬೇಕು. ಒಮ್ಮೆ ಬ್ಯಾಂಕಿನಲ್ಲಿ ಬೆರಳಚ್ಚು ತೆಗೆಯುವ ಯಂತ್ರ ಅವರ ಹತ್ತು ಬೆರಳಲ್ಲಿ ಒಂದನ್ನೂ ಗುರುತು ಹಿಡಿಯಲಿಲ್ಲ. ಕೌಂಟರಿನ ಹುಡುಗಿ ಸರಿಯಾಗಿ ಒತ್ತಿ, ಸರಿಯಾಗಿ ಒತ್ತಿ ಎನ್ನುತ್ತಿದ್ದಳು. ಅತ್ತಿಗೆ ಒತ್ತಿ ಒತ್ತಿ ಕೊನೆಗೆ ಯಂತ್ರದ ಗಾಜಿನ ಮೇಲೆ ರಕ್ತದ ಕಲೆಯಾಯಿತು. ಅದನ್ನು ತಮ್ಮ ಕರ್ಚೀಫಿನಿಂದ ಒರೆಸಿ, ಆ ಹುಡುಗಿಯ ಕ್ಷಮೆ ಕೇಳಿ ಬಂದರು. ನಾನಾಗಿದ್ದರೆ ಆ ಯಂತ್ರವನ್ನು ಎತ್ತಿ ಬೀದಿಗೆ ಎಸೆದು ಬರುತ್ತಿದ್ದೆ.

ಕೈಗೆ ಏನಾದರೂ ಹಚ್ಚಿಕೊಳ್ಳಬಾರದೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೇನೆ, ನೂರು ಸಲ. ಅದಕ್ಕೆ ಉತ್ತರ ಬೇಕಾದರೆ ಮೊದಲು ಸ್ಕಿಮ್ಮರ್ ಅಂದರೇನು ಎಂದು ತಿಳಿಯಬೇಕು. ಟ್ಯಾಂಕಿನ ಮೀನು ತಿನ್ನುತ್ತದೆ, ತಿಂದದ್ದು ಹಿಂದಿನಿಂದ ಬರುತ್ತದೆ, ತಿನ್ನದೆ ಬಿಟ್ಟದ್ದು ಕೊಳೆಯುತ್ತದೆ. ಸಮುದ್ರದಲ್ಲಾದರೆ ಅದನ್ನು ಕೇಳುವವರಿಲ್ಲ. ನಾಲ್ಕಡಿ ಗಾಜಿನ ಪೆಟ್ಟಿಗೆಯಲ್ಲಿ ಅದೇ ವಿಷವಾಗುತ್ತದೆ. ಉಪ್ಪುನೀರಿಗೆ ಗಾಳಿಯನ್ನು ಸಣ್ಣ ಸಣ್ಣ ಗುಳ್ಳೆ ಮಾಡಿ ಬೆರೆಸಿ ಒಂದು ಕೊಳವೆಯೊಳಗೆ ಬಿಟ್ಟರೆ, ಕೊಳೆ ಗುಳ್ಳೆಗೆ ಅಂಟಿಕೊಂಡು ನೊರೆಯಾಗಿ ಮೇಲೇರುತ್ತದೆ, ಕೊಳವೆಯ ಕತ್ತು ದಾಟಿ ತಲೆಯ ಮೇಲಿರುವ ಬಟ್ಟಲಿಗೆ ಬೀಳುತ್ತದೆ. ಬೆಳಿಗ್ಗೆ ಆ ಬಟ್ಟಲನ್ನು ಚೆಲ್ಲಿ ತೊಳೆದಿಡಬೇಕು. ಇಷ್ಟೇ ಯಂತ್ರ. ಆ ಬಟ್ಟಲಿನ ವಾಸನೆ ಒಂದು ಸಲ ಮೂಗಿಗೆ ಬಡಿದರೆ ಎರಡು ದಿನ ಊಟ ಸೇರುವುದಿಲ್ಲ. ಆ ನೊರೆಗೆ ಜಿಡ್ಡು ಅಂದರೆ ಆಗದು. ಒಂದು ತೊಟ್ಟು ಎಣ್ಣೆ ಬಿದ್ದರೆ ಸಾಕು, ಏರುತ್ತಿದ್ದ ನೊರೆ ಕುಸಿದು ಮಲಗಿಬಿಡುತ್ತದೆ.

ಅತ್ತಿಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಮೀನಿನ ಅಂಗಡಿಯ ಹಳೇ ಯಜಮಾನರು ಹೇಳಿದ್ದರಂತೆ: ಕೈಗೆ ಎಣ್ಣೆ, ಮುಲಾಮು ಯಾವುದೂ ತಾಗಕೂಡದು, ನೊರೆ ಸತ್ತರೆ ಬೆಳಗಾಗುವುದರೊಳಗೆ ಮೀನೂ ಸಾಯುತ್ತದೆ. ಆವತ್ತಿನಿಂದ ಅತ್ತಿಗೆ ಕೈಗೆ ನೀರು, ಸೋಪು ಬಿಟ್ಟು ಬೇರೇನೂ ಮುಟ್ಟಿಸಿಲ್ಲ. ಗ್ಲೌಸ್ ತಂದುಕೊಟ್ಟೆ. ಹಾಕಿಕೊಂಡರೆ ಕೊಳವೆಯ ಒಳಗಿನ ಲೋಳೆ ಬೆರಳಿಗೆ ಗೊತ್ತಾಗುವುದಿಲ್ಲ ಎಂದು ಅಡುಗೆಮನೆಯ ಡ್ರಾಯರಿನಲ್ಲಿ ಇಟ್ಟರು. ಭಾನುವಾರಗಳಂದು ಪಂಪಿನ ಕೆಲಸಕ್ಕೆ ನಾನು ಜೊತೆಗೆ ಹೋಗುತ್ತೇನೆ. ಲಿಫ್ಟಿನ ಗ್ರೀಸು ಕೈಯಲ್ಲಿರುತ್ತದೆಂದು ಟ್ಯಾಂಕು ಮುಟ್ಟುವ ಮೊದಲು ಮೂರು ಸಲ ಕೈ ತೊಳೆಸುತ್ತಾರೆ. ನಲವತ್ತೆಂಟು ವರ್ಷದ ಗಂಡಸು ನಾನು, ಕೈ ತಿರುಗಿಸಿ ಮುರುಗಿಸಿ ತೋರಿಸಿ ಪಾಸಾಗಬೇಕು.

ಅತ್ತಿಗೆಗೆ ಇನ್ನೊಂದು ಹುಚ್ಚಿತ್ತು. ಯಾವ ಸ್ಕಿಮ್ಮರ್ ಒಳ್ಳೆಯದು ಎಂದು ಹೋಲಿಸಿ ನೋಡುವುದು. ಮದುವೆಗೆ ಮುಂಚೆ ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸದಲ್ಲಿದ್ದವರು. ಅಳೆಯುವುದು ಅಲ್ಲಿಂದ ಅಂಟಿಕೊಂಡ ಅಭ್ಯಾಸ. ನಮ್ಮ ಹಜಾರದಲ್ಲೇ ಒಂದು ಟ್ಯಾಂಕಿದೆ. ಯಾವ ಹೊಸ ಯಂತ್ರ ಬಂದರೂ ಅದರಲ್ಲಿ ಹದಿನಾಲ್ಕು ದಿನ ಓಡಬೇಕು. ಮೊದಲ ವಾರ ಲೆಕ್ಕಕ್ಕಿಲ್ಲ, ಹೊಸ ಕೊಳವೆ ಒಳಗೆ ಲೋಳೆ ಕಟ್ಟಿ ಪಳಗುವವರೆಗೆ ಅದು ಮಾಡುವುದೆಲ್ಲ ಆಟವೇ. ಆಮೇಲೆ ದಿನಾ ಒಂದೇ ಹೊತ್ತಿಗೆ, ಒಂದೇ ಚಿಟಿಕೆ ಆಹಾರ. ಬಟ್ಟಲಿನದನ್ನು ಒಂದೇ ಅಳತೆಯ ಸೀಸೆಗೆ ಸುರಿದು ಕಿಟಕಿಯ ಬೆಳಕಿಗೆ ಹಿಡಿಯುವುದು: ತಿಳಿ ಟೀ ಬಣ್ಣವೋ, ಗಟ್ಟಿ ಟೀ ಬಣ್ಣವೋ, ಅದಕ್ಕಿಂತ ಕಪ್ಪೋ. ತಳದಲ್ಲಿ ಎಷ್ಟು ಬೆರಳು ಗಸಿ ನಿಂತಿತು, ಯಂತ್ರದ ಸದ್ದು ಪಕ್ಕದ ಕೋಣೆಗೆ ಕೇಳುತ್ತದೆಯೋ ಇಲ್ಲವೋ, ಬಟ್ಟಲಿನ ಕತ್ತಿನೊಳಗೆ ಕೈ ಹೋಗುತ್ತದೆಯೋ ಇಲ್ಲವೋ. ಎಲ್ಲವನ್ನೂ ದೊಡ್ಡ ರಟ್ಟಿನ ಮೇಲೆ ಮನೆ ಮನೆಯಾಗಿ ಗೆರೆ ಎಳೆದು ಬರೆದು ಅಂಗಡಿಗೆ ಕೊಡುತ್ತಿದ್ದರು. ಹಳೇ ಯಜಮಾನರು ಅದನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದರು. ಬಂದವರು ಮೀನಿಗಿಂತ ಮೊದಲು ಆ ರಟ್ಟನ್ನು ನೋಡುತ್ತಿದ್ದರು. ಒಬ್ಬ ದರ್ಜಿ ಇದ್ದಾರೆ, ಪ್ರತಿ ಗೆರೆಯ ಮೇಲೂ ಬೆರಳಿಟ್ಟು ಓದುವವರು. ಅತ್ತಿಗೆಗೆ ಸಿಕ್ಕ ಮರ್ಯಾದೆ ಅಂತ ಈ ಭೂಮಿಯ ಮೇಲೆ ಏನಾದರೂ ಇದ್ದರೆ ಅದು ಆ ಮೊಳೆಯ ಮೇಲೆ ನೇತಾಡುತ್ತಿತ್ತು.

ಆ ರಟ್ಟನ್ನು ಓದದವರೂ ಇದ್ದರು. ಒಬ್ಬ ದಂತವೈದ್ಯರು ತಾವೇ ಆರಿಸಿದ ಯಂತ್ರ ತಂದು, ದಿನಾ ಬೆಳಿಗ್ಗೆ ಬಟ್ಟಲು ತುಂಬಿ ತುಳುಕುತ್ತದೆ, ಎಂಥ ಯಂತ್ರ ನೋಡಿ ಎಂದು ಬೀಗುತ್ತಿದ್ದರು. ಬಟ್ಟಲಿನಲ್ಲಿದ್ದದ್ದು ಬರೀ ತೆಳ್ಳಗಿನ ಉಪ್ಪುನೀರು. ಕೊಳೆ ಟ್ಯಾಂಕಿನಲ್ಲೇ ಉಳಿದು, ಒಳ್ಳೆಯ ನೀರು ಬಟ್ಟಲಿಗೆ ಬರುತ್ತಿತ್ತು. ಅವರು ಅದನ್ನು ಸಂಭ್ರಮದಿಂದ ಚೆಲ್ಲಿ, ಕಡಿಮೆಯಾದಷ್ಟು ನಲ್ಲಿನೀರು ಸುರಿಯುತ್ತಿದ್ದರು. ಅತ್ತಿಗೆ ಮೂರು ಸಲ ಹೇಳಿದರು, ಬಟ್ಟಲು ತುಂಬುವುದು ಮುಖ್ಯವಲ್ಲ, ಕಪ್ಪಾಗುವುದು ಮುಖ್ಯ ಎಂದು. ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಎರಡೇ ತಿಂಗಳಲ್ಲಿ ಏಳು ಮೀನು ಸತ್ತವು, ಬೈಗುಳ ಮಾತ್ರ ಅತ್ತಿಗೆಗೆ. ಇನ್ನೊಬ್ಬರ ಬಾಯೊಳಗಿನ ಕೊಳೆ ನೋಡಿಯೇ ಬದುಕುವ ಮನುಷ್ಯನಿಗೆ ತನ್ನ ಟ್ಯಾಂಕಿನ ಕೊಳೆ ಕಾಣಲಿಲ್ಲವಲ್ಲ ಎಂದು ನೆನೆದಾಗಲೆಲ್ಲ ಈಗಲೂ ನನ್ನ ಮೈ ಉರಿಯುತ್ತದೆ.

ಹಳೇ ಯಜಮಾನರು ತೀರಿಕೊಂಡ ಮೇಲೆ ಅಂಗಡಿಗೆ ಅವರ ಅಳಿಯ ಬಂದು ಕೂತ. ಮಾವ ಹೋದರೂ ಎಲ್ಲರಿಗೂ ಅವನು ಅಳಿಯನೇ. ಗಿರಾಕಿಗಳೂ ಅವನನ್ನು ಅಳಿಯ ಅಂತಲೇ ಕರೆಯುತ್ತಾರೆ. ಬಂದವನೇ ಹೊಸ ಸ್ಕಿಮ್ಮರ್ ತರಿಸಿದ. ಎತ್ತರದ ಕೊಳವೆ, ಒಳಗೆ ನೀಲಿ ದೀಪ, ನೋಡಿದರೆ ನೋಡುತ್ತಲೇ ಇರಬೇಕು. ನಾವು ಅದಕ್ಕೆ ನೀಲಿ ಎಂದೇ ಹೆಸರಿಟ್ಟೆವು. ಅತ್ತಿಗೆ ಹದಿನಾಲ್ಕು ದಿನ ಓಡಿಸಿ ನೋಡಿದರು. ನೊರೆ ಚೆನ್ನಾಗಿ ಬರುತ್ತದೆ, ಆದರೆ ಟ್ಯಾಂಕಿನ ನೀರು ಒಂದು ಬೆರಳು ಏರಿದರೆ ಉಕ್ಕಿ ನೆಲಕ್ಕೆ ಚೆಲ್ಲುತ್ತದೆ, ಸದ್ದು ಜಾಸ್ತಿ, ಕತ್ತಿನೊಳಗೆ ಕೈ ಹೋಗದು. ರಟ್ಟಿನಲ್ಲಿ ನೀಲಿಗೆ ಮೂರನೆಯ ಸ್ಥಾನ ಬಂತು. ಮೊದಲನೆಯದು ಎಂದಿನಂತೆ ಡುಮ್ಮ. ಡುಮ್ಮ ಅಂದರೆ ಗಿಡ್ಡಗೆ ದಪ್ಪಗೆ ಇರುವ ಹಳೇ ಮಾದರಿಯ ಯಂತ್ರ. ಅದಕ್ಕೆ ದೀಪವೂ ಇಲ್ಲ, ರೂಪವೂ ಇಲ್ಲ.

ಅಳಿಯನಿಗೆ ಸಿಟ್ಟು ಬಂತು. ಆದರೆ ಅವನದು ನಗುವ ಸಿಟ್ಟು, ಅಂಥದ್ದನ್ನು ಕಂಡರೆ ನನಗೆ ಇನ್ನೂ ಆಗದು. ಒಂದು ಭಾನುವಾರ ಅಂಗಡಿ ತುಂಬ ಜನರಿದ್ದಾಗ ಅತ್ತಿಗೆಯನ್ನು ಅಕ್ಕ, ಅಕ್ಕ ಎಂದು ಕರೆಯುತ್ತಲೇ ಶುರುಮಾಡಿದ. ಹದಿನಾಲ್ಕು ದಿನದ ಈ ಪರೀಕ್ಷೆಯನ್ನು ಯಾರು ಕಂಡಿದ್ದಾರೆ, ಮನೆಯೊಳಗೆ ಏನು ನಡೆಯುತ್ತದೋ ಯಾರಿಗೆ ಗೊತ್ತು, ಬರುವ ಭಾನುವಾರ ಇಲ್ಲೇ ಎಲ್ಲರ ಕಣ್ಣೆದುರು ಎರಡು ಟ್ಯಾಂಕಿನಲ್ಲಿ ಎರಡನ್ನೂ ಒಂದು ಗಂಟೆ ಓಡಿಸೋಣ ಎಂದ. ಅತ್ತಿಗೆ ಮೆಲ್ಲಗೆ ಹೇಳಿದರು, ಒಂದು ಗಂಟೆಯಲ್ಲಿ ಯಾವ ಸ್ಕಿಮ್ಮರಿನ ಯೋಗ್ಯತೆಯೂ ತಿಳಿಯದು, ಬೇಡ ಎಂದು. ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಳಿಯ ಗಿರಾಕಿಗಳ ಕಡೆ ತಿರುಗಿ ಹುಬ್ಬು ಹಾರಿಸಿದ. ಆ ಹುಬ್ಬು ನೋಡಿ ನನ್ನ ಪಿತ್ತ ನೆತ್ತಿಗೇರಿತು.

"ನಡೀಲಿ," ಅಂದೆ. "ಡುಮ್ಮ ಸೋತ್ರೆ ನಿಮ್ಮ ಕೈಯಾರೆ ಆ ರಟ್ಟು ಕಿತ್ತು ಬಿಸಾಕಿ."

ಅತ್ತಿಗೆ ನನ್ನನ್ನು ನೋಡಿದರು. ಇಪ್ಪತ್ತೆರಡು ವರ್ಷ ಅವರು ಕೂಡಿಟ್ಟದ್ದನ್ನು ಅವರನ್ನು ಕೇಳದೆ ನಾನು ಪಣಕ್ಕಿಟ್ಟಿದ್ದೆ. ಮನೆಗೆ ಬಂದ ಮೇಲೆ ಅಣ್ಣ ಹಾಸಿಗೆಯಿಂದಲೇ ವಿಷಯ ಕೇಳಿ, ನಿನ್ನ ಬಾಯಿಗೆ ಬೀಗ ಹಾಕುವವರು ಈ ಊರಲ್ಲಿ ಯಾರೂ ಇಲ್ಲವೇ ಎಂದು ಗೋಡೆ ಕಡೆಗೆ ಹೊರಳಿದ.

ಆ ಭಾನುವಾರ ಬೆಳಿಗ್ಗೆ ಅತ್ತಿಗೆ ಡುಮ್ಮನನ್ನು ಬಕೆಟ್ಟಿನಲ್ಲಿಟ್ಟು ಸುತ್ತ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಚಳಿ ಬೇರೆ. ಬಲಗೈಯ ಹೆಬ್ಬೆರಳಿನ ಬುಡ ಸೀಳಿ ಬಟ್ಟೆಯ ಮೇಲೆ ಕೆಂಪು ಕಲೆಯಾಗುತ್ತಿತ್ತು. ಹಿಂದಿನ ದಿನ ನಾನು ಔಷಧಿ ಅಂಗಡಿಯಿಂದ ಒಂದು ಡಬ್ಬಿ ಮುಲಾಮು ತಂದಿದ್ದೆ, ಕರ್ಪೂರದ ವಾಸನೆಯದು. ಅದನ್ನು ಮುಂದೆ ಹಿಡಿದೆ. ಬೇಡ ಎಂದರು. ಜಗಳವಾಡಿದೆ. ಇವತ್ತೊಂದು ದಿನವಾದರೂ ಹಚ್ಚಿ, ಯಂತ್ರ ನಾನು ಇಡುತ್ತೇನೆ, ನೀವು ನೀರು ಮುಟ್ಟಬೇಡಿ ಎಂದೆ. ನನ್ನ ಕೆಲಸ ನಾನು ಮಾಡದೆ ಇನ್ನು ಯಾರು ಮಾಡುತ್ತಾರೆ ಎಂದು ಬಕೆಟ್ಟಿನ ಹಿಡಿ ಎತ್ತಿಕೊಂಡರು. ರಕ್ತ ಬರುತ್ತಿರುವ ಕೈ, ಆ ಕಬ್ಬಿಣದ ಹಿಡಿ. ನನಗೆ ತಡೆಯಲಾಗಲಿಲ್ಲ.

"ನಿಮಗೆ ಬೇಡ ಅಂದ್ರೆ ಬೇಡ, ನಾನೇ ಹಚ್ಕೋತೀನಿ ಬಿಡಿ," ಎಂದು ಕೂಗಾಡಿ ಡಬ್ಬಿಯೊಳಗೆ ಮೂರು ಬೆರಳು ಹಾಕಿ ಎರಡೂ ಕೈಗೆ ಮೊಣಕೈವರೆಗೆ ಬಳಿದುಕೊಂಡೆ. ಅತ್ತಿಗೆ ಆಗಲೇ ಬಾಗಿಲು ದಾಟಿ ಮೆಟ್ಟಿಲಿಳಿಯುತ್ತಿದ್ದರು, ನೋಡಲಿಲ್ಲ. ನಾನು ಡಬ್ಬಿಯನ್ನು ಕೋಟಿನ ಜೇಬಿಗೆ ತುರುಕಿ ಹಿಂದೆಯೇ ಓಡಿದೆ. ಬಸ್ಸು ಹತ್ತುವ ಹೊತ್ತಿಗೆ ಕೋಪ ಆರಿತ್ತು. ಕೋಪದ ಜೊತೆ ಮುಲಾಮೂ ಮನಸ್ಸಿನಿಂದ ಹೋಗಿತ್ತು.

ಅಂಗಡಿಯಲ್ಲಿ ಮೂವತ್ತು ಮೂವತ್ತೈದು ಜನ ಸೇರಿದ್ದರು. ಎರಡು ಒಂದೇ ಅಳತೆಯ ಟ್ಯಾಂಕು, ಎರಡರಲ್ಲೂ ಒಂದೇ ದೊಡ್ಡ ತೊಟ್ಟಿಯಿಂದ ತೆಗೆದ ನೀರು, ಎರಡೆರಡು ಸಣ್ಣ ಮೀನು. ನೀಲಿಯನ್ನು ಅಳಿಯ ಹಿಂದಿನ ಕೋಣೆಯಲ್ಲಿ ಮೂರು ವಾರ ಓಡಿಸಿ ಪಳಗಿಸಿಟ್ಟಿದ್ದ. ಅತ್ತಿಗೆಯ ರಟ್ಟಿನಿಂದಲೇ ಕಲಿತದ್ದು. ನಾನು ಸಿಂಕಿನಲ್ಲಿ ಎಂದಿನಂತೆ ಮೂರು ಸಲ ಕೈ ತೊಳೆದೆ. ಗ್ರೀಸು ಕಪ್ಪು, ಹೋದದ್ದು ಕಣ್ಣಿಗೆ ಕಾಣುತ್ತದೆ. ಮುಲಾಮಿಗೆ ಬಣ್ಣವಿಲ್ಲ. ತಣ್ಣೀರು, ಮೂಲೆಯಲ್ಲಿ ಸವೆದ ಸೋಪಿನ ಚೂರು. ಡುಮ್ಮನ ಪಂಪು ಬಿಚ್ಚಿ ಜೋಡಿಸಿ, ಮೊಣಕೈವರೆಗೆ ಕೈ ಇಳಿಸಿ, ತಳದಲ್ಲಿ ಅಲುಗದಂತೆ ಕೂರಿಸಿದವನು ನಾನೇ. ಅತ್ತಿಗೆ ಆ ಹೊತ್ತಿಗೆ ನೀರಿನ ಉಪ್ಪು ಅಳೆಯುತ್ತಿದ್ದರು, ಜನರ ಗಲಾಟೆಯಲ್ಲಿ ನನ್ನ ಕೈ ಪರೀಕ್ಷೆ ಮಾಡುವುದನ್ನು ಮರೆತರು.

ಸ್ವಿಚ್ಚು ಹಾಕಿದ ಹತ್ತು ನಿಮಿಷಕ್ಕೆ ನೀಲಿಯ ಕೊಳವೆಯಲ್ಲಿ ನೊರೆ ಏರತೊಡಗಿತು. ಡುಮ್ಮನಲ್ಲಿ ಗುಳ್ಳೆ ಬಂತು, ಒಡೆಯಿತು. ಬಂತು, ಒಡೆಯಿತು. ಅರ್ಧ ಗಂಟೆಗೆ ನೀಲಿಯ ಬಟ್ಟಲಿನ ತಳ ಕಂದಾಯಿತು. ಡುಮ್ಮನ ಕತ್ತು ಬೋಳು. ಜನ ಮೊದಲು ಪಿಸುಗುಟ್ಟಿದರು, ಆಮೇಲೆ ಬಾಯಿಬಿಟ್ಟೇ ಆಡಿಕೊಂಡರು. ದಂತವೈದ್ಯರೂ ಬಂದಿದ್ದರು, ಮೂಗು ಮುರಿದರು. ದರ್ಜಿ ಮಾತ್ರ ರಟ್ಟಿನ ಕಡೆ ನೋಡುತ್ತಿದ್ದರು. ಗಂಟೆ ಮುಗಿಯುವಷ್ಟರಲ್ಲಿ ನನ್ನ ಕೋಪ ಉಕ್ಕಿತು. ನಾನು ಅಳಿಯನ ಎದುರಿಗೆ ಹೋಗಿ ನಿಂತೆ.

"ನಮ್ಮ ಟ್ಯಾಂಕಿಗೆ ಎಣ್ಣೆ ಹಾಕಿದೀಯ ನೀನು. ಕಳ್ಳ. ನಿಮ್ಮ ಮಾವ ಇದ್ದ ಜಾಗದಲ್ಲಿ ಕೂರೋಕೆ ನಿನಗೆ ನಾಚಿಕೆ ಆಗಲ್ವ?"

ಅವನ ಮುಖ ಬಿಳಿಚಿಕೊಂಡಿತು. ತಪ್ಪು ಮಾಡಿದವನಿಗೆ ಹಾಗಾಗುತ್ತದೆ ಎಂದುಕೊಂಡೆ. ತಪ್ಪು ಮಾಡದವನಿಗೂ ಹಾಗಾಗುತ್ತದೆ ಎಂದು ಆಗ ಹೊಳೆಯಲಿಲ್ಲ. ಅತ್ತಿಗೆ ಕೌಂಟರಿನಿಂದ ಒಂದು ಬಿಳಿ ಕಾಗದ ತೆಗೆದುಕೊಂಡು ನಮ್ಮ ಟ್ಯಾಂಕಿನ ನೀರಿನ ಮೇಲೆ ಹಾಸಿ ಎತ್ತಿದರು. ಬೆಳಕಿಗೆ ಹಿಡಿದರೆ ಜಿಡ್ಡಿನ ಮಚ್ಚೆಗಳು ಎದ್ದು ಕಾಣುತ್ತಿದ್ದವು. ನೋಡಿ, ನೋಡಿ ಎಂದು ನಾನು ಕುಣಿದಾಡಿದೆ. ಅತ್ತಿಗೆ ಕಾಗದವನ್ನು ಮೂಗಿನ ಹತ್ತಿರ ಹಿಡಿದರು. ಆಮೇಲೆ ನನ್ನ ಕೈಗಳ ಕಡೆ ನೋಡಿದರು. ಕರ್ಪೂರದ ವಾಸನೆ ಆಗ ನನ್ನ ಮೂಗಿಗೂ ಬಂತು. ಇಷ್ಟು ಹೊತ್ತು ಅದು ನನ್ನ ಮೈಯಿಂದಲೇ ಬರುತ್ತಿತ್ತು.

ನಾನೇ ಮಾಡಿದ್ದು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಿಗೆಯೇ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಎಣ್ಣೆ ಯಾರೂ ಹಾಕಿಲ್ಲ. ಇದು ಮುಲಾಮು. ನನ್ನ ಕೈಯಿಂದ ಆಗಿದ್ದು. ಅಂಗಡಿಯವರದ್ದೇನೂ ತಪ್ಪಿಲ್ಲ."

ಯಾರೋ ನಕ್ಕರು. ಊರಿಗೆಲ್ಲ ಕೈ ತೊಳೆಯಲು ಹೇಳುವವರು ತಮ್ಮ ಕೈ ತೊಳೆಯಲಿಲ್ಲವೇ ಎಂದರು ದಂತವೈದ್ಯರು. ಸೀಳಿದ ಆ ಹತ್ತು ಬೆರಳು ಎಲ್ಲರ ಎದುರಿಗೇ ಇದ್ದವು. ಅವು ಮುಲಾಮು ಕಂಡ ಕೈಗಳೋ ಅಲ್ಲವೋ ಎಂದು ಒಬ್ಬನೂ ಕಣ್ಣಿಟ್ಟು ನೋಡಲಿಲ್ಲ. ಅಳಿಯ ಸ್ಟೂಲಿನ ಮೇಲೆ ಹತ್ತಿ ರಟ್ಟನ್ನು ಮೊಳೆಯಿಂದ ತೆಗೆದ. ಅವನು ಅದನ್ನು ಬಿಸಾಕಲಿಲ್ಲ, ಎರಡೂ ಕೈಯಲ್ಲಿ ಅತ್ತಿಗೆಗೆ ಕೊಟ್ಟ. ಬಿಸಾಕಿದ್ದರೆ ಅವನ ಮೇಲಾದರೂ ಕೋಪ ಮಾಡಿಕೊಳ್ಳಬಹುದಿತ್ತು. ನಾನು ತೆರೆದ ಬಾಯಿ ಮುಚ್ಚಿಕೊಂಡು ಡುಮ್ಮನನ್ನು ಬಕೆಟ್ಟಿಗೆ ಹಾಕಿದೆ. ಹೌದು, ಬಾಯಿ ಮುಚ್ಚಿಕೊಂಡೆ. ಬೇಡದ ಕಡೆಯಲ್ಲೆಲ್ಲ ತೆರೆದುಕೊಳ್ಳುವ ಈ ಬಾಯಿ ಬೇಕಾದಾಗ ಹೊಲಿದ ಹಾಗೆ ಕೂತಿತು.

ಮನೆಗೆ ಬಂದ ಮೇಲೆ, ಯಾಕೆ ಹಾಗೆ ಹೇಳಿದಿರಿ ಎಂದು ಅತ್ತಿಗೆಯ ಮೇಲೆಯೇ ಹರಿಹಾಯ್ದೆ. ಅವರು ರಟ್ಟನ್ನು ಬೀರುವಿನ ಹಿಂದೆ ಸೇರಿಸುತ್ತಿದ್ದರು.

"ನನ್ನ ಕೆಲಸಕ್ಕೆ ಬಂದ ಕೈ ನನ್ನ ಕೈಯೇ ಕಣಪ್ಪ," ಎಂದರು. "ನಿನ್ನದು ಅಂದಿದ್ರೆ ಜಗಳ ಆಗ್ತಿತ್ತು. ನೀರು ಮೊದಲೇ ಕೆಟ್ಟಿತ್ತು, ಇನ್ನೂ ಕೆಡಿಸೋದು ಬೇಡ ಅನ್ನಿಸ್ತು."

ಆ ವಾರ ಮೂರು ಮನೆಯವರು ಇನ್ನು ಬರುವುದು ಬೇಡ ಎಂದು ಹೇಳಿಕಳಿಸಿದರು. ಎರಡು ಮನೆಯಲ್ಲಿ ಬಾಗಿಲಲ್ಲೇ ನಿಲ್ಲಿಸಿ ಕೈ ತೋರಿಸಿ ಎಂದರಂತೆ. ಅತ್ತಿಗೆ ತೋರಿಸಿದರಂತೆ. ಇದನ್ನು ಅವರು ಊಟ ಬಡಿಸುತ್ತಾ ಸುಮ್ಮನೆ ಹೇಳಿದರು. ಅಣ್ಣ ತಟ್ಟೆಯಿಂದ ತಲೆಯೆತ್ತಿ ನನ್ನನ್ನು ನೋಡಿದ. ಅವನಿಗೂ ಆ ಡಬ್ಬಿಯ ವಿಷಯ ಗೊತ್ತಿತ್ತು. ನಾನು ತಟ್ಟೆ ಬಿಟ್ಟು ಎದ್ದು ಹೋಗಿ ಮೂಲೆ ಕೋಣೆಯಲ್ಲಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಈ ವಯಸ್ಸಿನಲ್ಲಿ ಹಾಗೆ ಮಾಡಿಕೊಂಡವನ ಕೋಪ ಇನ್ನು ಯಾರ ಮೇಲೆ ಎಂದು ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಭಾನುವಾರ ಅತ್ತಿಗೆಗೆ ಹೇಳದೆ ಅಂಗಡಿಗೆ ಹೋದೆ. ಜೇಬಿನಲ್ಲಿ ಡಬ್ಬಿ, ಚೀಲದಲ್ಲಿ ಡುಮ್ಮ. ಎಂದಿನ ಜನರೆಲ್ಲ ಇದ್ದರು. ಬಾಗಿಲ ಪಕ್ಕದ ಮೊಳೆ ಖಾಲಿಯಿತ್ತು. ನೀಲಿ ತನ್ನ ಟ್ಯಾಂಕಿನಲ್ಲಿ ದೀಪ ಬೆಳಗಿಸಿಕೊಂಡು ಕತ್ತಿನವರೆಗೆ ನೊರೆ ಎಬ್ಬಿಸಿ ಮೆರೆಯುತ್ತಿತ್ತು. ನಾನು ಎಲ್ಲರೆದುರು ಡಬ್ಬಿ ತೆರೆದು ಬಲಗೈಗೆ ಮುಲಾಮು ಬಳಿದುಕೊಂಡು, ಸಿಂಕಿಗೆ ಹೋಗಿ ಅದೇ ಸೋಪಿನ ಚೂರಿನಿಂದ ಮೂರು ಸಲ ತೊಳೆದು, ಬಂದು ನೀಲಿಯ ಟ್ಯಾಂಕಿನೊಳಗೆ ಮೊಣಕೈವರೆಗೆ ಇಳಿಸಿದೆ. ಅಳಿಯ ಓಡಿಬಂದು ಕೊರಳಪಟ್ಟಿ ಹಿಡಿದ. ಕೈ ಮಾತ್ರ ತೆಗೆಯಲಿಲ್ಲ. ಎರಡೇ ನಿಮಿಷ, ನೀಲಿಯ ನೊರೆ ಕುಸಿದು ಕುಸಿದು ಕೊಳವೆಯ ತಳಕ್ಕಿಳಿಯಿತು, ಆಮೇಲೆಯೇ ಕೈ ಹೊರಗೆಳೆದೆ. ದೀಪ ಮಾತ್ರ ಉರಿಯುತ್ತಿತ್ತು.

"ಹೋದ ವಾರ ಆ ಟ್ಯಾಂಕಲ್ಲಿ ಇದ್ದಿದ್ದು ಈ ಕೈ," ಅಂದೆ. "ಅತ್ತಿಗೇದಲ್ಲ. ನಿನ್ನನ್ನ ಕಳ್ಳ ಅಂದೆ, ಅದೂ ತಪ್ಪು. ಈಗ ಬೇಕಾದ್ರೆ ಹೊಡಿ."

ಅವನು ಹೊಡೆಯಲಿಲ್ಲ. ಕೊರಳಪಟ್ಟಿ ಬಿಟ್ಟು ಟ್ಯಾಂಕಿನ ಕಡೆ ನೋಡುತ್ತ ನಿಂತ. ದರ್ಜಿ ಆಗಲೇ ಅತ್ತಿಗೆಗೆ ಫೋನು ಮಾಡಿದ್ದರು. ಅತ್ತಿಗೆ ಬಂದವರೇ ನನ್ನ ಕೈ ಹಿಡಿದು ಟ್ಯಾಂಕಿನಿಂದ ದೂರ ಎಳೆದರು. ಬೇರೆಯವರ ಟ್ಯಾಂಕು, ಬೇರೆಯವರ ಮೀನು, ನಿನಗೆ ಬುದ್ಧಿ ಯಾವಾಗ ಬರುತ್ತದೆ ಎಂದು ನಾನು ಕಂಡರಿಯದ ದನಿಯಲ್ಲಿ ಬೈದರು. ಬೈದು ಮುಗಿಸಿ, ಎಷ್ಟು ಗಂಟೆಗೆ ಕೈ ಹಾಕಿದೆ, ಎಷ್ಟು ಹೊತ್ತು ಇಟ್ಟೆ ಎಂದು ಕೇಳಿದರು. ಹತ್ತೂವರೆ, ಎರಡು ನಿಮಿಷ ಎಂದೆ. ಪಕ್ಕದ ಟ್ಯಾಂಕಿನಲ್ಲಿ ಡುಮ್ಮನನ್ನು ತಾವೇ ಕೂರಿಸಿ, ನೊರೆ ಕತ್ತಿಗೆ ಬರುವವರೆಗೆ ಕಾದು, ಹನ್ನೊಂದೂವರೆಗೆ ನನಗೆ ಹೇಳಿದರು:

"ಅದಕ್ಕೆ ಎಷ್ಟು ಹಚ್ಕೊಂಡಿದ್ಯೋ ಅಷ್ಟೇ ಹಚ್ಕೋ. ಮೂರೇ ಸಲ ತೊಳಿ. ಎರಡೇ ನಿಮಿಷ ಇಡು."

ಜನರಿಗೆ ಆಗ ಅರ್ಥವಾಯಿತು, ಹೆಂಗಸು ಪರೀಕ್ಷೆ ನಡೆಸುತ್ತಿದ್ದಾರೆ ಎಂದು. ಡುಮ್ಮನ ನೊರೆಯೂ ಸತ್ತಿತು. ಅತ್ತಿಗೆ ಎರಡು ಟ್ಯಾಂಕಿನ ನಡುವೆ ಸ್ಟೂಲು ಹಾಕಿಕೊಂಡು ಕೂತರು. ಅರ್ಧ ಗಂಟೆಗೊಮ್ಮೆ ಚೀಟಿಯಲ್ಲಿ ಬರೆದುಕೊಂಡರು. ಕೆಲವರು ಹೋದರು, ಹೊಸಬರು ಬಂದರು, ದರ್ಜಿ ಎದ್ದೇಳಲಿಲ್ಲ. ಮೀನುಗಳಿಗೆ ಏನೂ ಆಗಲಿಲ್ಲ. ಚಿಟಿಕೆ ಆಹಾರ ಹಾಕಿದಾಗ ನಾಲ್ಕೂ ಬಂದು ತಿಂದವು. ನೀಲಿಯ ಕೊಳವೆಯಲ್ಲಿ ನೊರೆ ಮತ್ತೆ ಕತ್ತು ಮುಟ್ಟಿದಾಗ ಎರಡೂವರೆ, ಅಂದರೆ ನಾಲ್ಕು ಗಂಟೆ. ಡುಮ್ಮನದು ಮುಟ್ಟಿದಾಗ ಐದು ದಾಟಿತ್ತು, ಹೆಚ್ಚುಕಡಿಮೆ ಐದೂಮುಕ್ಕಾಲು ಗಂಟೆ.

ಅತ್ತಿಗೆ ಅಲ್ಲೇ ಹೊಸ ರಟ್ಟು ಕೇಳಿ ಇಸಿದುಕೊಂಡು ಹಳೆಯದನ್ನೆಲ್ಲ ನೆನಪಿನಿಂದ ಇಳಿಸಿ, ಕೊನೆಗೆ ಹೊಸ ಗೆರೆ ಎಳೆದರು. ಜಿಡ್ಡು ಬಿದ್ದರೆ ನೊರೆ ಮರಳಲು ಬೇಕಾದ ಹೊತ್ತು: ನೀಲಿ ಮೊದಲು, ಡುಮ್ಮ ಆಮೇಲೆ. ನಾನು ಇಷ್ಟೆಲ್ಲ ಮಾಡಿದ್ದು ನೀಲಿಗೆ ರಟ್ಟಿನಲ್ಲಿ ಒಂದು ಗೆರೆ ಗೆದ್ದುಕೊಡಲಿಕ್ಕಾ ಎಂದು ಹಲ್ಲು ಕಡಿದೆ. ಒಟ್ಟಿನಲ್ಲಿ ನೀಲಿ ಮೂರರಿಂದ ಎರಡಕ್ಕೆ ಏರಿತು. ಅಳಿಯ ಅದನ್ನು ಎರಡೆರಡು ಸಲ ಓದಿ, ಸ್ಟೂಲು ಹತ್ತಿ ತಾನೇ ಮೊಳೆಗೆ ನೇತುಹಾಕಿದ. ಈ ಸಲ ನಗಲಿಲ್ಲ, ಹುಬ್ಬನ್ನೂ ಹಾರಿಸಲಿಲ್ಲ. ದರ್ಜಿ ಎದ್ದು ಹೋಗಿ ಹೊಸ ಗೆರೆಯ ಮೇಲೆ ಬೆರಳಿಟ್ಟು ಓದಿದರು.

ಎಲ್ಲ ಸರಿಹೋಯಿತು ಎಂದು ನಾನು ಹಗುರಾಗಿ ಬಸ್ಸು ಹತ್ತಿದೆ. ಅತ್ತಿಗೆ ಕಿಟಕಿ ಪಕ್ಕ ಕೂತು ಚೀಟಿಯನ್ನೇ ನೋಡುತ್ತಿದ್ದರು. ಎರಡು ಸ್ಟಾಪು ಕಳೆದ ಮೇಲೆ ಚೀಟಿ ಮಡಿಸಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು, ಅಂಗೈ ಮೇಲಾಗಿ.

"ನಾಲ್ಕು ಗಂಟೆ," ಎಂದರು. ನನಗೆ ಅರ್ಥವಾಗಲಿಲ್ಲ.

"ನೊರೆ ಸತ್ರೆ ಬೆಳಗಾಗೋದ್ರೊಳಗೆ ಮೀನು ಸಾಯ್ತವೆ ಅಂದಿದ್ದ ಆ ಮುದುಕ. ನಾಲ್ಕು ಗಂಟೆಗೆ ನೊರೆ ವಾಪಸ್ ಬಂತು. ಮೀನು ಊಟ ಮಾಡಿದ್ವು." ಅವರ ದನಿ ಏರಿತು. ಮುಂದಿನ ಸೀಟಿನವರು ತಿರುಗಿ ನೋಡಿದರು. "ಸಂಜೆ ಮನೆಗೆ ಹೋಗಿ ಹಚ್ಕೊಂಡು ಬೆಳಿಗ್ಗೆ ಬಿಸಿನೀರಲ್ಲಿ ತೊಳ್ಕೊಂಡಿದ್ರೆ ಸಾಕಿತ್ತು. ಇಪ್ಪತ್ತೆರಡು ವರ್ಷ. ಎಲ್ಲಾ ಅಳೆದೆ ನಾನು. ಅವನು ಹೇಳಿದ್ದೊಂದನ್ನ ಅಳೀಲಿಲ್ಲ."

ಹಳೇ ಯಜಮಾನರನ್ನು ಅತ್ತಿಗೆ ಏಕವಚನದಲ್ಲಿ ಕರೆದದ್ದು ನಾನು ಕೇಳಿದ್ದು ಅದೇ ಮೊದಲು. ಆ ಮನುಷ್ಯ ಬದುಕಿದ್ದರೆ ನಾನು ಬಸ್ಸಿಳಿದು ಅವನ ಮನೆಗೇ ಹೋಗುತ್ತಿದ್ದೆ. ಹೋಗಲು ಮನೆಯೂ ಇರಲಿಲ್ಲ, ಬೈಯಲು ಜನವೂ ಇರಲಿಲ್ಲ.

ಅತ್ತಿಗೆ ನನ್ನ ಕೋಟಿನ ಜೇಬಿಗೆ ತಾವೇ ಕೈ ಹಾಕಿ ಡಬ್ಬಿ ತೆಗೆದರು. ಮುಚ್ಚಳ ತಿರುಗಿಸಲು ಹೋದರೆ ಹೆಬ್ಬೆರಳಿನ ಸೀಳು ಬಾಯಿಬಿಟ್ಟಿತು. ನಾನು ತೆರೆದುಕೊಟ್ಟೆ. ಮೊದಲ ಬೆರಳಿಗೆ ಹಚ್ಚಿದ ಕೂಡಲೇ ಉರಿಯುತ್ತೆ ಎಂದು ಕಣ್ಣು ಮುಚ್ಚಿದರು. ಉಳಿದ ಒಂಬತ್ತಕ್ಕೆ ನಾನೇ ಹಚ್ಚಿದೆ. ನಮ್ಮ ಸ್ಟಾಪು ಬರುವವರೆಗೂ ಅವರು ಆ ಮುದುಕನನ್ನು ಬೈಯುತ್ತಲೇ ಇದ್ದರು.